ಘಾಟಿ ಏರುವಾಗ ಮಾತ್ರ ಬರುವ ಹೊಗೆ: ಪಿಕಪ್ ಕ್ಯಾಬಿನ್‌ನೊಳಗಿನ ವಾಸನೆಯ ಮೂಲ ಹುಡುಕಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವಾಹನ ಕರಾವಳಿಯ ಮೀನು ಸಾಗಣೆದಾರರೊಬ್ಬರ ಪಿಕಪ್. ಮಾಲೀಕರು, ಚಾಲಕರು, ಮೊದಲು ಕೆಲಸ ಮಾಡಿದ ಗ್ಯಾರೇಜು, ವಾಹನ ತಯಾರಿಸಿದ ಕಂಪನಿ, ಇವುಗಳ ಗುರುತನ್ನು ಬಿಟ್ಟಿದ್ದೇನೆ. ದಾರಿಯನ್ನೂ ಋತುವನ್ನೂ ಮಾತ್ರ ಬಿಟ್ಟಿಲ್ಲ. ಅವೆರಡನ್ನು ತೆಗೆದುಹಾಕಿದರೆ ಈ ದೋಷ ಯಾಕೆ ಅಷ್ಟು ಕಾಲ ಕೈಗೆ ಸಿಗಲಿಲ್ಲ ಎಂಬುದೇ ಅರ್ಥವಾಗುವುದಿಲ್ಲ.

ಬಿಎಸ್-4 ಎಂಬ ಹೊಗೆ ಮಾಲಿನ್ಯ ಮಾನದಂಡದ, ಎರಡೂವರೆ ಲೀಟರಿನ, ನಾಲ್ಕು ಸಿಲಿಂಡರ್‌ಗಳ ಕಾಮನ್ ರೈಲ್ (ಎಲ್ಲ ಸಿಲಿಂಡರ್‌ಗಳಿಗೂ ಒಂದೇ ಅಧಿಕ ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ) ಟರ್ಬೊ ಡೀಸೆಲ್ ಎಂಜಿನ್. ಮುಂದೆ ಬಾನೆಟ್, ಅದರ ಹಿಂದೆ ಚಾಲಕ ಮತ್ತು ಸಹಾಯಕ ಕೂರುವ ಒಂದೇ ಸಾಲಿನ ಕ್ಯಾಬಿನ್. ಏಸಿ ಇಲ್ಲ, ಬ್ಲೋವರ್ ಮಾತ್ರ ಇದೆ. ಗಾಡಿ ಓಡಿದ್ದು ಒಂದೂವರೆ ಲಕ್ಷ ಕಿಲೋಮೀಟರ್ ದಾಟಿತ್ತು. ಮಲ್ಪೆ ಬಂದರಿನಲ್ಲಿ ಐಸ್ ಹಾಕಿದ ಮೀನಿನ ಬಾಕ್ಸುಗಳನ್ನು ತುಂಬಿಕೊಂಡು, ಕಾರ್ಕಳ, ಬೆಳ್ತಂಗಡಿ, ಉಜಿರೆ ಹಾದು ಚಾರ್ಮಾಡಿ ಘಾಟಿ ಏರಿ, ಕೊಟ್ಟಿಗೆಹಾರ, ಮೂಡಿಗೆರೆಯ ಮೇಲೆ ಬೆಳಗಿನ ಹೊತ್ತಿಗೆ ಚಿಕ್ಕಮಗಳೂರು ಮುಟ್ಟುವುದು ಅದರ ನಿತ್ಯದ ಕೆಲಸ. ಅಂದರೆ ಏರುವಾಗ ತುಂಬಿದ ಲೋಡು, ಇಳಿಯುವಾಗ ಖಾಲಿ ಬಾಕ್ಸು. ಈ ವ್ಯತ್ಯಾಸವೇ ಮುಂದೆ ದೊಡ್ಡ ಸುಳಿವಾಯಿತು.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಮೀನಿನ ಗಾಡಿಗಳಿಗೂ ಬಿಡುವು. ಡೆಂಟಿಂಗ್, ಪೇಂಟಿಂಗ್, ಬಾಡಿ ಕೆಲಸಗಳೆಲ್ಲ ಮುಗಿಯುವುದು ಆಗಲೇ. ಈ ಗಾಡಿಯದೂ ಮುಗಿದಿತ್ತು. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದು, ಗಾಡಿ ಮತ್ತೆ ಘಾಟಿ ಏರತೊಡಗಿದಾಗ ಮಳೆ ಇನ್ನೂ ಜೋರಾಗಿಯೇ ಇತ್ತು. ವಾಸನೆಯ ದೂರು ಹುಟ್ಟಿದ್ದು ಆಗ.

ಸಮಸ್ಯೆ

ಚಾಲಕರು ಮಾಲೀಕರಿಗೆ ಮೊದಲು ಹೇಳಿದ್ದು “ಒಳಗೆ ಡೀಸೆಲ್ ವಾಸನೆ” ಎಂದು ಮಾತ್ರ. ಮೀನಿನ ಗಾಡಿಯಲ್ಲಿ ವಾಸನೆಯ ದೂರಿಗೆ ಯಾರೂ ಬೇಗ ಕಿವಿಗೊಡುವುದಿಲ್ಲ. ಮೀನಿನ ನೀರು, ತೊಯ್ದ ಟಾರ್ಪಾಲು, ಒಣಗದ ಮ್ಯಾಟು ಎಲ್ಲ ಸೇರಿ ಕ್ಯಾಬಿನ್‌ನಲ್ಲಿ ಏನಾದರೊಂದು ವಾಸನೆ ಇದ್ದೇ ಇರುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಉರಿ, ಗಂಟಲು ಕೆರೆತ, ತಲೆನೋವು ಸೇರಿಕೊಂಡವು. ಕಣ್ಣುರಿ ಕೊಟ್ಟಿಗೆಹಾರದಲ್ಲಿ ಇಳಿದು ಚಹಾ ಕುಡಿಯುವಷ್ಟರಲ್ಲಿ ಹೋಗುತ್ತಿತ್ತು, ತಲೆನೋವು ಮಾತ್ರ ಮಧ್ಯಾಹ್ನದವರೆಗೂ ಉಳಿಯುತ್ತಿತ್ತು. ರಾತ್ರಿ ನಿದ್ದೆಗೆಟ್ಟದ್ದಕ್ಕೆ, ಘಾಟಿಯ ತಿರುವುಗಳಿಗೆ ಎಂದು ಎಲ್ಲರೂ ಅದಕ್ಕೆ ಕಾರಣ ಕೊಟ್ಟರು.

ಆದರೆ ಸಹಾಯಕನಿಗೂ ಅದೇ ತಲೆನೋವಿತ್ತು, ಮತ್ತು ಆತ ಘಾಟಿಯುದ್ದಕ್ಕೂ ನಿದ್ದೆ ಮಾಡಿಕೊಂಡು ಬರುವವನು. ನಿದ್ದೆಗೆಟ್ಟವನಿಗೂ ನಿದ್ದೆ ಮಾಡಿದವನಿಗೂ ಒಂದೇ ಬಗೆಯ ತಲೆನೋವು ಒಂದೇ ಹೊತ್ತಿಗೆ ಬಂದರೆ ಅನುಮಾನ ಪಡಬೇಕಾದದ್ದು ಅವರಿಬ್ಬರೂ ಉಸಿರಾಡಿದ ಗಾಳಿಯನ್ನು. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಕಣ್ಣುರಿ ಬೇಗ ಹೋಗಿ ತಲೆನೋವು ಉಳಿಯುವುದು ಇದಕ್ಕೆ ಹೊಂದುತ್ತದೆ. ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಈ ಅನಿಲವನ್ನು ಕಡಿಮೆ ಉಗುಳುತ್ತದೆ ಎಂಬುದು ನಿಜ, ಆದರೆ ಅದರ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳು, ಆಲ್ಡಿಹೈಡ್‌ಗಳು, ಅತಿಸೂಕ್ಷ್ಮ ಮಸಿ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿದೆ. ದಿನಾ ಇದರೊಳಗೆ ಕೂತು ದುಡಿಯುವವರ ದೂರನ್ನು “ಗಾಡಿ ಅಂದ ಮೇಲೆ ವಾಸನೆ ಇರುತ್ತದೆ” ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮೊದಲು ನಡೆದ ಪ್ರಯತ್ನಗಳು

ಗಾಡಿ ನಮ್ಮಲ್ಲಿಗೆ ಬರುವ ಮುಂಚೆ ಒಂದು ಗ್ಯಾರೇಜಿನಲ್ಲಿ ಹಲವು ಕೆಲಸ ಆಗಿತ್ತು. “ಡೀಸೆಲ್ ವಾಸನೆ” ಎಂಬ ಮಾತನ್ನು ಹಿಡಿದು ಡೀಸೆಲ್ ಫಿಲ್ಟರ್ ಬದಲಿಸಿ, ರಿಟರ್ನ್ ಪೈಪುಗಳನ್ನು ಹೊಸದು ಹಾಕಿದರು. ವಾಸನೆ ಹೋಗದಿದ್ದಾಗ ಸೈಲೆನ್ಸರಿನ ಒಂದು ಜಾಯಿಂಟಿನಲ್ಲಿ ಮಸಿ ಕಂಡು ಅದರ ಗ್ಯಾಸ್ಕೆಟ್ ಬದಲಿಸಿದರು. ಆ ಜಾಯಿಂಟು ಸೋರುತ್ತಿದ್ದದ್ದು ನಿಜವೇ. ದುರಸ್ತಿಯಾದ ಮೇಲೆ ಖಾಲಿ ಗಾಡಿಯನ್ನು ಹೆದ್ದಾರಿಯಲ್ಲಿ ಒಂದು ಸುತ್ತು ಓಡಿಸಿ, ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟರು. ಮುಂದಿನ ಲೋಡಿನಲ್ಲಿ ಚಾರ್ಮಾಡಿಯ ಏರು ಶುರುವಾಗುತ್ತಿದ್ದಂತೆ ವಾಸನೆ ಹಾಜರಾಯಿತು. ಸಮತಟ್ಟಾದ ರಸ್ತೆ, ಖಾಲಿ ಗಾಡಿ, ಬಿಸಿಲಿನ ಹೊತ್ತು: ದೋಷ ಕಾಣಿಸಿಕೊಳ್ಳುವ ಮೂರು ಷರತ್ತುಗಳಲ್ಲಿ ಒಂದೂ ಆ ಪರೀಕ್ಷೆಯಲ್ಲಿರಲಿಲ್ಲ.

ಚಾಲಕರು ತಮ್ಮದೇ ಉಪಾಯವೊಂದನ್ನು ಕಂಡುಕೊಂಡಿದ್ದರು. ಮಳೆ ಸ್ವಲ್ಪ ತಗ್ಗಿದಾಗಲೆಲ್ಲ ಬ್ಲೋವರ್ ನಿಲ್ಲಿಸಿ ಬಾಗಿಲ ಗಾಜನ್ನು ಎರಡು ಬೆರಳಿನಷ್ಟು ಇಳಿಸುವುದು. ಇದರಿಂದ ಆರಾಮವಾಗುತ್ತದೆ ಎಂದು ಅವರಿಗೆ ಒಮ್ಮೊಮ್ಮೆ ಅನಿಸುತ್ತಿತ್ತು, ಒಮ್ಮೊಮ್ಮೆ ಹೆಚ್ಚಾದಂತೆಯೂ ಅನಿಸುತ್ತಿತ್ತು. ಈ ಗೊಂದಲಕ್ಕೂ ಕಾರಣವಿತ್ತೆಂಬುದು ತಡವಾಗಿ ತಿಳಿಯಿತು.

ಚಾಲಕರ ಮಾತನ್ನು ಬಿಡಿಸಿ ಕೇಳಿದ್ದು

ನಾವು ಬಾನೆಟ್ ಎತ್ತುವ ಮುಂಚೆ ಚಾಲಕರನ್ನು ಕೂರಿಸಿಕೊಂಡು ವಾಸನೆ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಕೇಳಿದೆವು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಮಾತುಕತೆಯೇ ಎಂದು ನನ್ನ ಅಭಿಪ್ರಾಯ.

ಮೊದಲಿಗೆ, ಅದು ಹಸಿ ಡೀಸೆಲ್ಲಿನ ವಾಸನೆಯಲ್ಲ ಎಂಬುದು ಸ್ಪಷ್ಟವಾಯಿತು. ಹಸಿ ಡೀಸೆಲ್ ಸೋರಿದರೆ ಎಣ್ಣೆಯ ಜಿಡ್ಡು ವಾಸನೆ ಬರುತ್ತದೆ, ಕಣ್ಣು ಹೀಗೆ ಉರಿಯುವುದಿಲ್ಲ. ಎಂಜಿನ್ ಆಯಿಲ್ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಕರಿದ ಎಣ್ಣೆ ಸೀದಂತಹ ವಾಸನೆ. ಕೂಲಂಟ್ ಸೋರಿದರೆ ಸಿಹಿಯಾದ ವಾಸನೆ. ಘಾಟಿಯಲ್ಲಿ ಕ್ಲಚ್ ಸುಟ್ಟರೆ ಬರುವುದು ಬೇರೆಯದೇ. ಕಣ್ಣಲ್ಲಿ ನೀರು ತರಿಸುವ ಹೊಗೆಯೆಂದರೆ ಸಿಲಿಂಡರಿನಲ್ಲಿ ಉರಿದ ಅನಿಲ. ಹೀಗಾಗಿ ಡೀಸೆಲ್ ಪೈಪುಗಳ ಕಡೆ ಮತ್ತೆ ಹೋಗುವ ಅಗತ್ಯ ಉಳಿಯಲಿಲ್ಲ.

ಎರಡನೆಯದಾಗಿ, ವಾಸನೆ ಏರಿನಲ್ಲಿ ಹೆಚ್ಚು, ಇಳಿಯುವಾಗ ಇಲ್ಲವೇ ಇಲ್ಲ. ಬಂದರಿನಲ್ಲಿ ಎಂಜಿನ್ ಸುಮ್ಮನೆ ಓಡುತ್ತಾ ನಿಂತಿದ್ದಾಗ ಬ್ಲೋವರ್ ಹಾಕಿದರೆ ಅಲ್ಪಸ್ವಲ್ಪ. ಬೇಸಿಗೆಯಲ್ಲಿ ಗಾಜು ಪೂರ್ತಿ ಇಳಿಸಿ ಓಡಿಸುತ್ತಿದ್ದಾಗ ಎಂದೂ ಗಮನಕ್ಕೆ ಬಂದಿರಲಿಲ್ಲ. ಮಳೆಯಲ್ಲಿ ಮುಂಗಾಜಿನ ಒಳಮೈಗೆ ಮಂಜು ಕಟ್ಟುವುದರಿಂದ ಬ್ಲೋವರನ್ನು ಹೊರಗಾಳಿಗೆ ಇಟ್ಟು ಓಡಿಸಲೇಬೇಕು. “ಗಾಳಿ ಹಾಕಿದರೆ ಹೊಗೆ, ಹಾಕದಿದ್ದರೆ ರಸ್ತೆಯೇ ಕಾಣುವುದಿಲ್ಲ, ನಾನು ಏನು ಮಾಡುವುದು ಮಾರಾಯ್ರೆ?” ಎಂದು ಅವರು ಕೇಳಿದ ಪ್ರಶ್ನೆಯಲ್ಲೇ ಹೊಗೆ ಬರುವ ದಾರಿ ಅಡಗಿತ್ತು. ಬ್ಲೋವರ್ ಗಾಳಿ ಎಳೆಯುವುದು ಬಾನೆಟ್ಟಿನ ಹಿಂದೆ, ಮುಂಗಾಜಿನ ಬುಡದಲ್ಲಿರುವ ಜಾಲರಿಯಿಂದ. ಹೊಗೆ ಹಿಂಬದಿಯ ಸೈಲೆನ್ಸರಿನಿಂದ ಬರುತ್ತಿದ್ದರೆ ಬ್ಲೋವರಿಗೂ ಅದಕ್ಕೂ ಇಷ್ಟು ನೇರ ಸಂಬಂಧ ಇರುತ್ತಿರಲಿಲ್ಲ.

ಮೂರನೆಯ ಪ್ರಶ್ನೆ, ಜೂನ್–ಜುಲೈಯಲ್ಲಿ ಗಾಡಿಗೆ ಏನೇನು ಮಾಡಿಸಿದಿರಿ ಎಂಬುದು. ಬಾನೆಟ್ಟಿನ ತಗ್ಗು ತೆಗೆಸಿ ಬಣ್ಣ ಹೊಡೆಸಿದ್ದು, ಮಂಜಿನಲ್ಲಿ ದಾರಿ ಕಾಣಲೆಂದು ಮುಂದೆ ಎರಡು ಹೆಚ್ಚುವರಿ ದೀಪ ಹಾಕಿಸಿದ್ದು ಗೊತ್ತಾಯಿತು. ಎಂಜಿನ್ನಿಗೆ ಯಾರೂ ಕೈ ಹಚ್ಚಿರಲಿಲ್ಲವಾದ್ದರಿಂದ ಈ ಕೆಲಸಗಳನ್ನು ಹಿಂದಿನ ಗ್ಯಾರೇಜಿನವರಿಗೆ ಯಾರೂ ಹೇಳಿರಲಿಲ್ಲ.

ಹೊಗೆ ಒಳಬರುವ ದಾರಿ

ಕ್ಯಾಬಿನ್‌ನಲ್ಲಿ ಹೊಗೆ ಸೇರಬೇಕಾದರೆ ಎಲ್ಲೋ ಒಂದು ಸೋರಿಕೆ ಇರಬೇಕು, ಒಳಗೆ ಬರಲು ಒಂದು ಸಂದು ಇರಬೇಕು, ಆ ಸಂದಿನ ಮೂಲಕ ಅದನ್ನು ನೂಕುವ ಅಥವಾ ಎಳೆಯುವ ಒತ್ತಡದ ವ್ಯತ್ಯಾಸ ಇರಬೇಕು. ಸಾಮಾನ್ಯವಾಗಿ ಗ್ಯಾರೇಜಿನಲ್ಲಿ ಮೊದಲನೆಯದನ್ನು ಮಾತ್ರ ಹುಡುಕುತ್ತಾರೆ. ನಾವು ಸಂದುಗಳಿಂದ ಶುರು ಮಾಡಿದೆವು, ಏಕೆಂದರೆ ಎಂಜಿನ್ ಬಿಚ್ಚದೆ ನೋಡಬಹುದಾದದ್ದು ಅದು.

ಬಾನೆಟ್ ಎತ್ತಿದಾಗ ಅದರ ಹಿಂಬದಿಯ ಅಂಚಿನಲ್ಲಿ, ಎಂಜಿನ್ ಕೋಣೆಯನ್ನು ಮುಂಗಾಜಿನ ಜಾಲರಿಯಿಂದ ಬೇರ್ಪಡಿಸಬೇಕಾದ ರಬ್ಬರ್ ಬೀಡಿಂಗ್ ಇರಲಿಲ್ಲ. ಬಣ್ಣ ಹೊಡೆಯಲು ತೆಗೆದದ್ದನ್ನು ಮತ್ತೆ ಹಾಕಿರಲಿಲ್ಲ. ಮಳೆನೀರಿಗಾಗಿ ಇರುವ ಅಲಂಕಾರದ ಪಟ್ಟಿಯೆಂದು ಅನೇಕರು ಅದನ್ನು ತಿಳಿಯುತ್ತಾರೆ. ಎಂಜಿನ್ ಕೋಣೆಯ ಬಿಸಿಗಾಳಿ ಬ್ಲೋವರಿನ ಬಾಯಿಗೆ ಹೋಗದಂತೆ ತಡೆಯುವುದೂ ಅದೇ. ಏರಿನಲ್ಲಿ ಯಾಕೆ ವಾಸನೆ ಹೆಚ್ಚು ಎಂಬುದೂ ಇಲ್ಲಿ ಬಿಡಿಸಿಕೊಳ್ಳುತ್ತದೆ. ಸಮತಟ್ಟಿನಲ್ಲಿ ವೇಗವಾಗಿ ಹೋಗುವಾಗ ಮುಂದಿನಿಂದ ಬಡಿಯುವ ಹೊರಗಾಳಿಯೇ ಜಾಲರಿಯನ್ನು ತುಂಬುತ್ತದೆ. ಎರಡನೇ ಗೇರಿನಲ್ಲಿ ನಿಧಾನಕ್ಕೆ ಏರುವಾಗ ಆ ಗಾಳಿ ಇರುವುದಿಲ್ಲ, ಬದಲಿಗೆ ರೇಡಿಯೇಟರ್ ಫ್ಯಾನು ಪೂರ್ತಿ ತಿರುಗುತ್ತಾ ಎಂಜಿನ್ ಕೋಣೆಯ ಗಾಳಿಯನ್ನೆಲ್ಲ ಹಿಂದಕ್ಕೆ ನೂಕುತ್ತದೆ. ಬೀಡಿಂಗ್ ಇಲ್ಲದ ಅಂಚಿನಿಂದ ಅದು ಮೇಲೆದ್ದು ಜಾಲರಿಯೊಳಗೆ ಇಳಿಯುತ್ತದೆ.

ಕತ್ತಲಾದ ಮೇಲೆ ಎಂಜಿನ್ ಕೋಣೆಯಲ್ಲಿ ಪ್ರಖರವಾದ ದೀಪವಿಟ್ಟು, ಕ್ಯಾಬಿನ್‌ನೊಳಗೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆಯಿಟ್ಟು ನೋಡಿದೆವು. ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ ಬೆಳಕು ಕಂಡಿತು. ಹೆಚ್ಚುವರಿ ದೀಪಗಳ ವಯರು ಎಳೆಯಲು ನಡುವಿನ ತಗಡಿನ ಗೋಡೆಯಲ್ಲಿದ್ದ ರಬ್ಬರ್ ಗ್ರೋಮೆಟ್ (ತೂತಿನ ಸಂದು ಮುಚ್ಚುವ ಬಳೆ) ಕಿತ್ತು, ವಯರು ತೂರಿಸಿ ಹಾಗೆಯೇ ಬಿಟ್ಟಿದ್ದರು.

ಮುಂದಿನ ಪರೀಕ್ಷೆಗೆ ಬೇಕಾದದ್ದು ಒಂದು ಊದುಬತ್ತಿ. ಬಾಗಿಲು, ಗಾಜು ಮುಚ್ಚಿ ಬ್ಲೋವರನ್ನು ಹೊರಗಾಳಿಗಿಟ್ಟು ಜೋರಾಗಿ ಹಾಕಿ, ಆ ತೂತಿನ ಬಳಿ ಊದುಬತ್ತಿ ಹಿಡಿದರೆ ಹೊಗೆ ಹೊರಕ್ಕೆ ಹೋಯಿತು. ಅಂದರೆ ಬ್ಲೋವರ್ ಓಡುವಾಗ ಒಳಗಿನ ಒತ್ತಡ ಹೆಚ್ಚು, ತೂತಿನಿಂದ ಏನೂ ಒಳಬರುವುದಿಲ್ಲ. ಬ್ಲೋವರ್ ನಿಲ್ಲಿಸಿ, ಗಾಜನ್ನು ಎರಡು ಬೆರಳು ಇಳಿಸಿ ಗಾಡಿ ಓಡಿಸುತ್ತಾ ಹಿಡಿದಾಗ ಆ ತೂತಿನಿಂದಲೂ ಗೇರ್ ಲಿವರಿನ ಹರಿದ ರಬ್ಬರ್ ಬೂಟಿನಿಂದಲೂ ಗಾಳಿ ಒಳನುಗ್ಗಿ, ಊದುಬತ್ತಿಯ ಹೊಗೆ ಚಾಲಕರ ಮುಖದತ್ತ ತಿರುಗಿತು. ಓಡುವ ಗಾಡಿಯ ಗಾಜು ಸ್ವಲ್ಪ ತೆರೆದರೆ ಹೊರಗೆ ಹಾದುಹೋಗುವ ಗಾಳಿ ಒಳಗಿನದನ್ನು ಹೀರಿಕೊಳ್ಳುತ್ತದೆ, ಆ ಕೊರತೆಯನ್ನು ತುಂಬಲು ಕೆಳಗಿನ ಸಂದುಗಳಿಂದ ಎಂಜಿನ್ ಕೋಣೆಯ ಗಾಳಿ ಬರುತ್ತದೆ. ಚಾಲಕರ ಉಪಾಯ ಒಂದು ದಾರಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಿತ್ತು. ಒಮ್ಮೆ ಆರಾಮ, ಒಮ್ಮೆ ಹೆಚ್ಚು ಎಂದು ಅವರಿಗೆ ಅನಿಸಿದ್ದು ಎರಡೂ ಸರಿಯೇ.

ಹೊಗೆಯ ಮೂಲ

ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಮೀಟರನ್ನು ಚಾಲಕರ ಮೂಗಿನ ಎತ್ತರಕ್ಕೆ ಕಟ್ಟಿ, ಲೋಡಿನೊಂದಿಗೆ ಘಾಟಿ ಏರಿದಾಗ ಅದು 20 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 20 ಪಾಲು) ಆಸುಪಾಸಿಗೆ ಹೋಯಿತು. ಎಂಟು ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರತಿ ಘನ ಮೀಟರಿಗೆ 10 ಮಿಲಿಗ್ರಾಂ, ಅಂದರೆ ಸುಮಾರು 9 ಪಿಪಿಎಂ. ಘಾಟಿಯ ಏರು ಎಂಟು ಗಂಟೆಯದಲ್ಲವಾದರೂ, ಮುಂದಿನ ದುರಸ್ತಿಯವರೆಗೆ ಗಾಡಿಯನ್ನು ಲೋಡಿಗೆ ಕಳಿಸಬಾರದೆಂದು ಹೇಳಲು ಆ ಅಂಕಿ ಸಾಕಾಗಿತ್ತು. ಮೀನಿನ ಹಂಗಾಮು ಶುರುವಾದ ಹೊತ್ತಿನಲ್ಲಿ ಗಾಡಿ ನಿಲ್ಲಿಸುವುದು ಮಾಲೀಕರಿಗೆ ಸುಲಭದ ಮಾತಾಗಿರಲಿಲ್ಲ. ಅವರು ಒಪ್ಪಿ ಬಾಡಿಗೆ ಗಾಡಿ ಹಿಡಿದರು.

ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ಕಿವಿಗೊಟ್ಟರೆ, ಎಂಜಿನ್ನಿನ ಸದ್ದಿನ ನಡುವೆ “ಚಫ್ ಚಫ್” ಎಂಬ ಸಣ್ಣ ಸದ್ದು ಲಯವಾಗಿ ಕೇಳುತ್ತಿತ್ತು, ಬಿಸಿಯಾದಂತೆ ಅಡಗುತ್ತಿತ್ತು. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ, ಕ್ಯಾಬಿನ್ ಗೋಡೆಗೆ ಅತಿ ಹತ್ತಿರವಿರುವ ನಾಲ್ಕನೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸುತ್ತ ಡಾಂಬರಿನಂತಹ ಕಪ್ಪು ಕಿಟ್ಟ ಗಟ್ಟಿಯಾಗಿ ಕೂತಿತ್ತು. ಸೋಪಿನ ನೀರು ಬಿಟ್ಟು ನೋಡಿದರೆ ಇಂಜೆಕ್ಟರಿನ ಬುಡದಲ್ಲಿ ಗುಳ್ಳೆಗಳೆದ್ದವು. ಇಂಜೆಕ್ಟರಿನ ತುದಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಕೂರುವ ತಾಮ್ರದ ವಾಷರ್ ಹಿಡಿತ ಕಳೆದುಕೊಂಡಿತ್ತು. ಏರಿನಲ್ಲಿ ಟರ್ಬೊ ಪೂರ್ತಿ ದುಡಿಯುವಾಗ ಸಿಲಿಂಡರಿನೊಳಗಿನ ಒತ್ತಡ ನೂರು ಬಾರ್‌ಗೂ ಮೀರುತ್ತದೆ. ಸೈಲೆನ್ಸರಿಗೆ ಹೋಗಬೇಕಾದ ಅನಿಲದ ಒಂದು ಪಾಲು ಅದಕ್ಕೂ ಮುಂಚೆಯೇ ಈ ಸಂದಿನಿಂದ ಹೊರಬಿದ್ದು, ಬೀಡಿಂಗ್ ಇಲ್ಲದ ಅಂಚಿನ ನೇರ ಕೆಳಗೆ ಸೇರುತ್ತಿತ್ತು.

ಆ ಕಿಟ್ಟ ಒಂದೆರಡು ತಿಂಗಳಲ್ಲಿ ಕೂತದ್ದಲ್ಲ. ಪದರ ಪದರವಾಗಿ ಗಟ್ಟಿಕೊಂಡಿದ್ದ ರೀತಿ ನೋಡಿದರೆ ಸೋರಿಕೆ ಹಿಂದಿನ ಹಂಗಾಮಿನಲ್ಲೇ ಇತ್ತು. ವಾಸನೆ ಹೊಸದು, ಸೋರಿಕೆ ಹಳೆಯದು. ಆಗಸ್ಟ್‌ನಲ್ಲಿ ಹೊಸದಾಗಿ ಸೇರಿದ್ದು ದಾರಿ ಮಾತ್ರ. “ಇತ್ತೀಚೆಗೆ ಏನು ಕೆಟ್ಟಿತು” ಎಂದೇ ಎಲ್ಲರೂ ಎಂಜಿನ್ನಿನಲ್ಲಿ ಹುಡುಕುತ್ತಿದ್ದರಿಂದ ಈ ಜೋಡಿ ಯಾರಿಗೂ ಹೊಳೆದಿರಲಿಲ್ಲ.

ದುರಸ್ತಿಯ ನಿರ್ಧಾರಗಳು

ಇಲ್ಲಿ ಮಾಲೀಕರೊಂದಿಗೆ ಒಂದು ಭಿನ್ನಾಭಿಪ್ರಾಯ ಬಂತು. ಬೀಡಿಂಗ್ ಮತ್ತು ಗ್ರೋಮೆಟ್ ಹಾಕಿದರೆ ವಾಸನೆ ನಿಲ್ಲುತ್ತದಲ್ಲ, ಹಂಗಾಮು ಮುಗಿಯುವವರೆಗೆ ಅಷ್ಟೇ ಸಾಕು ಎಂಬುದು ಅವರ ವಾದ. ವಾಸನೆಯ ಮಟ್ಟಿಗೆ ಅದು ಬಹುಶಃ ನಿಜವೇ. ಆದರೆ ಸೋರುವ ಬಿಸಿ ಅನಿಲ ಇಂಜೆಕ್ಟರ್ ಕೂರುವ ಜಾಗವನ್ನೇ ತಿನ್ನುತ್ತಾ ಹೋಗುತ್ತದೆ. ಈಗ ವಾಷರಿನಲ್ಲಿ ಮುಗಿಯುವ ಕೆಲಸ ನಾಳೆ ಹೆಡ್ ಬಿಚ್ಚುವಲ್ಲಿಗೆ ಮುಟ್ಟುತ್ತದೆ. ಕಿಟ್ಟ ಇನ್ನಷ್ಟು ಗಟ್ಟಿಯಾದರೆ ಇಂಜೆಕ್ಟರನ್ನು ಮುರಿಯದೆ ತೆಗೆಯುವುದೂ ಕಷ್ಟ. ಅಲ್ಲದೆ, ವಾಸನೆ ನಿಂತರೆ ಎಚ್ಚರಿಕೆ ಕೊಡುವ ಒಂದೇ ಲಕ್ಷಣವೂ ಹೋಗುತ್ತದೆ. ಮೂಲವನ್ನೂ ದಾರಿಯನ್ನೂ ಒಟ್ಟಿಗೆ ಸರಿಪಡಿಸುವುದೆಂದು ತೀರ್ಮಾನವಾಯಿತು.

ಇಂಜೆಕ್ಟರನ್ನು ಹಿಡಿದಿಡುವ ಕ್ಲ್ಯಾಂಪಿನ ಬೋಲ್ಟನ್ನು ಇನ್ನಷ್ಟು ಬಿಗಿಮಾಡಿ ನೋಡುವ ಸಲಹೆಯೂ ಬಂದಿತ್ತು. ಕಿಟ್ಟ ಕೂತ ಜಾಗದ ಮೇಲೆ ಎಷ್ಟು ಬಿಗಿದರೂ ವಾಷರ್ ಸಮವಾಗಿ ಕೂರುವುದಿಲ್ಲ, ಬೋಲ್ಟ್ ತುಂಡಾಗುವ ಅಪಾಯ ಮಾತ್ರ ಹೆಚ್ಚುತ್ತದೆ. ಹಾಗಾಗಿ ಕಿಟ್ಟ ಸಡಿಲಿಸುವ ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಸಿ, ಮೀಟುಗೋಲು ಹಾಕಿ ಎಬ್ಬಿಸದೆ, ಜಾರುವ ತೂಕವಿರುವ ಪುಲ್ಲರಿನಿಂದ ನೇರವಾಗಿ ಇಂಜೆಕ್ಟರನ್ನು ಎಳೆದೆವು. ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ಲಿನ ಒತ್ತಡ ಸಾವಿರ ಬಾರ್‌ಗೂ ಮೇಲಕ್ಕೆ ಹೋಗುತ್ತದೆ, ಚಿಮ್ಮಿದ ಎಳೆ ಚರ್ಮವನ್ನು ತೂರಿಹೋಗಬಲ್ಲದು. ಎಂಜಿನ್ ಓಡುತ್ತಿರುವಾಗ ಆ ಪೈಪುಗಳ ನಟ್ಟಿಗೆ ಸ್ಪ್ಯಾನರ್ ಹಾಕಲೇಬಾರದು, ಹಳೆಯ ಎಂಜಿನ್ನುಗಳಲ್ಲಿ ಕಲಿತ ಆ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಕೂರುವ ಜಾಗವನ್ನು ಕೈಯಲ್ಲಿ ತಿರುಗಿಸುವ ಕಟ್ಟರಿನಿಂದ ಶುಚಿಗೊಳಿಸಿ, ಅದೇ ದಪ್ಪದ ಹೊಸ ತಾಮ್ರದ ವಾಷರ್, ಹೊಸ ಕ್ಲ್ಯಾಂಪ್ ಬೋಲ್ಟ್ ಹಾಕಿ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಕಂಪನಿ ಹೇಳಿದಷ್ಟೇ ಬಿಗಿದೆವು. ಉಳಿದ ಮೂರು ಇಂಜೆಕ್ಟರುಗಳ ಬುಡ ಒಣಗಿದ್ದರಿಂದ ಅವನ್ನು ಮುಟ್ಟಲಿಲ್ಲ. ಬೀಡಿಂಗ್, ಗ್ರೋಮೆಟ್, ಗೇರ್ ಲಿವರಿನ ಬೂಟು ಹೊಸದಾದವು.

ಫಲಿತಾಂಶ

ಪರೀಕ್ಷೆಯನ್ನು ದೋಷ ಕಾಣಿಸುತ್ತಿದ್ದ ಷರತ್ತುಗಳಲ್ಲೇ ಮಾಡಿದೆವು: ತುಂಬಿದ ಲೋಡು, ಮಳೆ, ಮುಚ್ಚಿದ ಗಾಜು, ಹೊರಗಾಳಿಗೆ ಇಟ್ಟ ಬ್ಲೋವರ್, ಅದೇ ಘಾಟಿ. ಶುರುವಿನಲ್ಲಿ ಉಳಿದ ಎಣ್ಣೆ ಸುಟ್ಟ ವಾಸನೆ ಸ್ವಲ್ಪ ಬಂದು ಹೋಯಿತು; ಮೀಟರ್ ಏರಿನುದ್ದಕ್ಕೂ ಸೊನ್ನೆಯಲ್ಲಿತ್ತು. ಚಾಲಕರಿಗೂ ಸಹಾಯಕನಿಗೂ ತಲೆನೋವು ಮರುಕಳಿಸಲಿಲ್ಲ.

ಕೆಲವು ವಾರಗಳ ನಂತರ ಚಾಲಕರಿಂದ ಆತಂಕದ ಕರೆ ಬಂತು, ವಾಸನೆ ಮತ್ತೆ ಬಂದಿದೆಯೆಂದು. ಯಾವಾಗ ಎಂದು ಕೇಳಿದರೆ, ಘಾಟಿಯಲ್ಲಿ ಬಸ್ಸೊಂದರ ಹಿಂದೆ ಸಾಲಾಗಿ ಏರುವಾಗ. ಬಸ್ಸು ದಾಟಿದ ಮೇಲೆ ಇಲ್ಲ. ಮುಂದಿನ ವಾಹನದ ಹೊಗೆಯನ್ನು ಬ್ಲೋವರ್ ಎಳೆದುಕೊಂಡಿತ್ತು. ಅಂಥ ಹೊತ್ತಿನಲ್ಲಿ ಸ್ವಲ್ಪ ಕಾಲ ಒಳಗಾಳಿಗೆ ತಿರುಗಿಸಿ, ಗಾಜಿಗೆ ಮಂಜು ಕಟ್ಟುವ ಮೊದಲು ಹೊರಗಾಳಿಗೆ ಮರಳಿಸಬೇಕೆಂದು ಹೇಳಿದೆವು.

ಪ್ರಕರಣದಿಂದ ತಿಳಿದದ್ದು

ಬಾಡಿ ಕೆಲಸ, ವಯರಿಂಗ್ ಕೆಲಸಗಳು ಕ್ಯಾಬಿನ್ನಿನ ಗಾಳಿಗೆ ಸಂಬಂಧಪಟ್ಟವು ಎಂಬುದು ಇಲ್ಲಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕದಲ್ಲಿ 2011ರಿಂದ 2017ರ ಮಾದರಿಯ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳೊಳಗೆ ಹೊಗೆ ವಾಸನೆ ಬರುತ್ತದೆಂಬ ದೂರುಗಳ ಮೇಲೆ ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ 2016ರಲ್ಲಿ ತನಿಖೆ ಆರಂಭಿಸಿತು. 2017ರ ಜುಲೈಯಲ್ಲಿ ಆಸ್ಟಿನ್ ನಗರದ ಪೊಲೀಸರು ಇಂತಹ ಸುಮಾರು 400 ವಾಹನಗಳನ್ನು ರಸ್ತೆಯಿಂದ ಹಿಂತೆಗೆದುಕೊಂಡರು. 2023ರಲ್ಲಿ ತನಿಖೆ ಮುಗಿದಾಗ, ಅತಿ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಕಂಡದ್ದು ಪೊಲೀಸ್ ಉಪಕರಣ ಅಳವಡಿಸುವಾಗ ಬಿಟ್ಟ ಸಂದುಗಳನ್ನು ಸರಿಯಾಗಿ ಮುಚ್ಚದ ಅಥವಾ ಹಿಂದೆ ಅಪಘಾತವಾಗಿ ದುರಸ್ತಿಯಾದ ವಾಹನಗಳಲ್ಲಿ ಎಂದು ಹೇಳಲಾಯಿತು.

ಈ ಪಿಕಪ್‌ಗೆ ಹೊಗೆ ತಪಾಸಣೆಯ ಪ್ರಮಾಣಪತ್ರ ಉದ್ದಕ್ಕೂ ಚಾಲ್ತಿಯಲ್ಲಿತ್ತು. ಆ ತಪಾಸಣೆ ಅಳೆಯುವುದು ಸೈಲೆನ್ಸರಿನ ತುದಿಯ ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು. ಸೈಲೆನ್ಸರ್ ಮುಟ್ಟುವ ಮುಂಚೆಯೇ ಸೋರಿದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೀಟರಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಕಾರ್ಬನ್ ಮಾನಾಕ್ಸೈಡ್ ಮೀಟರ್ ನೈಟ್ರೋಜನ್ ಆಕ್ಸೈಡನ್ನಾಗಲಿ ಮಸಿಯನ್ನಾಗಲಿ ಅಳೆಯುವುದಿಲ್ಲ, ಆದ್ದರಿಂದ ಡೀಸೆಲ್ ಗಾಡಿಯಲ್ಲಿ ಅದು ಸೊನ್ನೆ ತೋರಿಸಿದರೂ ಕಣ್ಣು ಉರಿಯುತ್ತಿದ್ದರೆ ಕಣ್ಣನ್ನೇ ನಂಬಬೇಕು. ಇನ್ನು ಮಾರುಕಟ್ಟೆ ತೆರೆಯುವವರೆಗೆ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಕ್ಯಾಬಿನ್‌ನಲ್ಲಿ ಮಲಗುವ ರೂಢಿ ಅನೇಕ ಸಾಗಣೆ ಗಾಡಿಗಳಲ್ಲಿದೆ. ಈ ಗಾಡಿಯಲ್ಲಿ ನಾಲ್ಕನೇ ಇಂಜೆಕ್ಟರ್ ಸೋರುತ್ತಿದ್ದ ಕಾಲದಲ್ಲೂ ಚಾಲಕ, ಸಹಾಯಕ ಇಬ್ಬರೂ ಹಾಗೆ ಮಲಗುತ್ತಿದ್ದರೆಂಬುದು ಎಲ್ಲ ಮುಗಿದ ಮೇಲೆ ಮಾತಿನ ನಡುವೆ ಗೊತ್ತಾಯಿತು. ಈಗ ಮಾಲೀಕರು ತಮ್ಮ ಗಾಡಿಗಳಲ್ಲಿ ಎಂಜಿನ್ ನಿಲ್ಲಿಸದೆ ಮಲಗುವುದನ್ನು ನಿಷೇಧಿಸಿ, ಕ್ಯಾಬಿನ್ನಿಗೆ ಬ್ಯಾಟರಿಯ ಸಣ್ಣ ಫ್ಯಾನು ಕೊಡಿಸಿದ್ದಾರೆ.